ಇಪ್ಪತ್ತು ನಿಮಿಷದ ಪಂಪಿಗೆ ಏಳೂವರೆ ಕೆವಿಎ: ಆಗುಂಬೆ ಸೀಮೆಯ ಒಂದು ಮನೆ ಜನರೇಟರ್ ಆಯ್ದುಕೊಂಡ ಬಗೆ

ಮೇ ತಿಂಗಳಲ್ಲಿ ನನ್ನ ವಾಟ್ಸಾಪಿಗೆ ಒಂದು ಕೊಟೇಶನ್ ಬಂತು. 7.5 ಕೆವಿಎ (ಕೆವಿಎ ಎಂದರೆ ಜನರೇಟರಿನ ಸಾಮರ್ಥ್ಯದ ಅಳತೆ) ಡೀಸೆಲ್ ಜನರೇಟರ್, ಸೈಲೆಂಟ್ ಮಾದರಿ, ಸಿಂಗಲ್ ಫೇಸ್, ಜೊತೆಗೆ ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುವ ಪ್ಯಾನೆಲ್. ಒಟ್ಟು ಎರಡೂವರೆ ಲಕ್ಷಕ್ಕೆ ಸ್ವಲ್ಪ ಕಡಿಮೆ. ಕಳಿಸಿದವನು ಆಗುಂಬೆ ಸೀಮೆಯ ಒಂದು ಮನೆಯ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ. ಕೆಳಗೆ ಒಂದೇ ಸಾಲು: "ಅಣ್ಣ, ಒಂದ್ಸಲ ನೋಡಿ ಹೇಳಿ, ಮಳೆ ಹಿಡಿಯೋ ಮುಂಚೆ ಹಾಕಿಸಿಬಿಡೋಣ."

ನಾನು ತೀರ್ಥಹಳ್ಳಿ ಕಡೆ ವೈರಿಂಗ್ ಗುತ್ತಿಗೆ ಮಾಡುವವನು. ಇಂಥ ಕೊಟೇಶನ್ ನನಗೆ ಹೊಸದಲ್ಲ. ಹೆಚ್ಚಿನವರು ಖರೀದಿ ಮುಗಿಸಿ, ಜನರೇಟರ್ ಅಂಗಳದಲ್ಲಿ ಇಳಿದ ಮೇಲೆ ಕರೆಯುತ್ತಾರೆ. ಇಲ್ಲಿ ದುಡ್ಡು ಕೊಡುವ ಮೊದಲೇ ಕೇಳಿದ್ದರಿಂದ ಕೂತು ಲೆಕ್ಕ ಹಾಕಲು ಜಾಗ ಸಿಕ್ಕಿತು. ಮನೆಯವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಆ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನೆ, ಲೈನು, ಮಳೆ ಪುಸ್ತಕ

ಆಗುಂಬೆ ಸೀಮೆಯೆಂದರೆ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟುವ ಮಳೆಯ ಊರು. ಮುಖ್ಯ ರಸ್ತೆಯಿಂದ ಒಳಗೆ ಹೋದರೆ ಹಳ್ಳ, ಹಳ್ಳದ ಮೇಲೆ ಕಾಲುಸಂಕ, ಅದನ್ನು ದಾಟಿ ಸ್ವಲ್ಪ ನಡೆದರೆ ಹೆಂಚಿನ ಮನೆ. ನಾಲ್ಕು ಎಕರೆ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಎರಡು ದನ. ಮನೆಯಲ್ಲಿ ಇಬ್ಬರೇ: ನಿವೃತ್ತ ಮೇಷ್ಟ್ರು, ವಯಸ್ಸು ಎಪ್ಪತ್ತು ದಾಟಿದೆ, ಅವರ ಹೆಂಡತಿ, ಅಂದರೆ ಆ ಮಗನ ಅಮ್ಮ, ಅವರಿಗಿಂತ ನಾಲ್ಕು ವರ್ಷ ಚಿಕ್ಕವರು.

ಇವರ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಬರುವ 11 ಕೆವಿ ಲೈನು ಕಾಡಿನೊಳಗೇ ಹಾದು ಬರುತ್ತದೆ. ಫೀಡರಿನ ತುತ್ತತುದಿ. ಗಾಳಿ ಎದ್ದು ಮರ ಬಿದ್ದರೆ ಮೊದಲು ಪೇಟೆ, ಆಮೇಲೆ ರಸ್ತೆ ಬದಿಯ ಊರುಗಳು, ಕೊನೆಗೆ ಇವರು. ಲೈನ್‌ಮನ್‌ಗಳನ್ನು ಬೈದು ಪ್ರಯೋಜನವಿಲ್ಲ. ಕಾಲಿಗೆ ಜಿಗಣೆ ಹತ್ತಿಸಿಕೊಂಡು, ಸುರಿಯುವ ಮಳೆಯಲ್ಲಿ ಕಂಬ ಹತ್ತುವವರು ಅವರು. ಇರುವುದು ನಾಲ್ಕು ಜನ, ಬಿದ್ದದ್ದು ನಲವತ್ತು ಮರ ಎಂದಾದರೆ ಯಾರು ಏನು ಮಾಡಲು ಸಾಧ್ಯ?

ನನಗೆ ದೊಡ್ಡ ಉಪಕಾರ ಮಾಡಿದ್ದು ಮೇಷ್ಟ್ರ ಮಳೆ ಪುಸ್ತಕ. ಮಲೆನಾಡಿನ ಬಹಳಷ್ಟು ಅಡಿಕೆ ಬೆಳೆಗಾರರಂತೆ ಅವರೂ ದಿನಾ ಬೆಳಿಗ್ಗೆ ಅಂಗಳದ ಮಾಪಕ ನೋಡಿ ಮಳೆ ಬರೆದಿಡುತ್ತಾರೆ. ಅದೇ ಸಾಲಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಕ.ಇಲ್ಲ' ಎಂದು, ಹೋದ ಹೊತ್ತು, ಬಂದ ಹೊತ್ತು. ಹತ್ತು ವರ್ಷದ ಪುಟಗಳನ್ನು ಮಗುಚಿ ನೋಡಿದಾಗ ಚಿತ್ರ ಸ್ಪಷ್ಟವಾಯಿತು. ಹೆಚ್ಚಿನ ಸಲ ಕರೆಂಟ್ ಹೋಗುವುದು ಮೂರು ನಾಲ್ಕು ಗಂಟೆಗಿಂತ ಕಡಿಮೆ. ಇಡೀ ರಾತ್ರಿ ಇಲ್ಲದ್ದು ಆಗಾಗ. ಎರಡು ದಿನ ಮೀರುವುದು ಒಂದು ಮಳೆಗಾಲಕ್ಕೆ ಎರಡೋ ಮೂರೋ ಸಲ, ಸಾಮಾನ್ಯವಾಗಿ ಪುನರ್ವಸು, ಪುಷ್ಯ ಮಳೆಗಳಲ್ಲಿ. ಎಲ್ಲಕ್ಕಿಂತ ದೀರ್ಘದ್ದು 2019ರ ಆಗಸ್ಟಿನದು, ಐದು ದಿನ.

ಆ ಐದು ದಿನವನ್ನೂ ಅವರು ಚಿಮಣಿ ದೀಪದಲ್ಲೇ ಕಳೆದಿದ್ದರು. ಬಚ್ಚಲಿನ ಹಂಡೆಗೆ ಸೌದೆ ಇದೆ, ಅಡುಗೆಗೆ ಗೋಬರ್ ಗ್ಯಾಸ್ ಇದೆ, ಕೊಟ್ಟಿಗೆಗೂ ಬಚ್ಚಲಿಗೂ ಗುಡ್ಡದಿಂದ ಅಬ್ಬಿ ನೀರು ಪೈಪಿನಲ್ಲಿ ತಾನಾಗಿ ಬರುತ್ತದೆ. ಜನರೇಟರ್ ಮಾತೇ ಆಗ ಎದ್ದಿರಲಿಲ್ಲ. ಈಗ ಎದ್ದದ್ದಕ್ಕೆ ಕಾರಣ ಅಮ್ಮನ ಆಕ್ಸಿಜನ್ ಮಿಷನ್, ಕೋಣೆಯ ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸಿ ಕೊಡುವಂಥದು. ಒಲೆಯ ಹೊಗೆ ಕುಡಿದು ಶ್ವಾಸಕೋಶ ಸೋತಿದೆ, ರಾತ್ರಿ ಮಲಗುವಾಗ ನಿಮಿಷಕ್ಕೆ ಎರಡು ಲೀಟರ್ ಆಮ್ಲಜನಕ ಬೇಕು ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಹಿಂದಿನ ಜುಲೈಯಲ್ಲಿ ಒಂದು ರಾತ್ರಿ ಹಳೆಯ ಇನ್ವರ್ಟರ್ ಕೀ ಕೀ ಎಂದು ಕೂಗಿ ಆರಿತು. ಅಮ್ಮ ಬೆಳಗಾಗುವ ತನಕ ಕುರ್ಚಿಯಲ್ಲಿ ಕೂತೇ ಇದ್ದರಂತೆ. ಮಗನಿಗೆ ಅದು ಗೊತ್ತಾಗಿದ್ದು ಮೂರು ದಿನದ ಮೇಲೆ, ಮೊಬೈಲ್ ಟವರ್ ಮತ್ತೆ ಜೀವ ಪಡೆದಾಗ.

ಹಳೆಯ ಇನ್ವರ್ಟರಿನದೂ ತಪ್ಪಿಲ್ಲ. 12 ವೋಲ್ಟ್, 150 ಎಎಚ್‌ನ ಒಂದು ಬ್ಯಾಟರಿ ಎಂದರೆ ಕಾಗದದ ಮೇಲೆ 1,800 ವ್ಯಾಟ್-ಅವರ್. ಪೂರ್ತಿ ಬಸಿಯುವ ಹಾಗಿಲ್ಲ, ಇನ್ವರ್ಟರಿನಲ್ಲಿ ಸೋರುವುದನ್ನೂ ಕಳೆಯಬೇಕು. ಹೊಸ ಬ್ಯಾಟರಿಯಲ್ಲೇ ಕೈಗೆ ಸಿಗುವುದು 1,100ರಿಂದ 1,200. ಇದು ಆರು ವರ್ಷ ಹಳೆಯದು. ಆಕ್ಸಿಜನ್ ಮಿಷನ್ನನ್ನು ಎರಡು ಗಂಟೆ ಎಳೆದಿದ್ದರೆ ಅದೇ ಹೆಚ್ಚು.

ಕ್ಲ್ಯಾಂಪ್ ಮೀಟರ್ ಹೇಳಿದ್ದು

ಜನರೇಟರ್ ಅಂಗಡಿಗೆ ಹೋದರೆ ಮೊದಲು ಕೇಳುವುದು 'ಎಷ್ಟು ಲೋಡ್?' ಎಂದು. ಮನೆಯವರು ಬಲ್ಬು, ಫ್ಯಾನು, ಫ್ರಿಜ್ಜು, ಮಿಕ್ಸಿ, ಪಂಪು ಎಂದು ಪಟ್ಟಿ ಒಪ್ಪಿಸುತ್ತಾರೆ. ಅಂಗಡಿಯವರು ಕೂಡಿಸಿ, ಮೇಲೆ ಸ್ವಲ್ಪ ಸೇರಿಸಿ, ಸಿಗುವ ಮುಂದಿನ ಸೈಜು ಕೊಡುತ್ತಾರೆ. ಎಷ್ಟು ವ್ಯಾಟ್ ಎಂಬ ಪ್ರಶ್ನೆ ಬೇಕಾದದ್ದೇ. ಎಷ್ಟು ಹೊತ್ತು, ಯಾವ ಹೊತ್ತಿನಲ್ಲಿ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಾನು ಒಂದೊಂದೇ ಸಾಮಾನು ಹಚ್ಚಿಸಿ, ವೈರಿನ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದೆ. ಆಕ್ಸಿಜನ್ ಮಿಷನ್ 320 ವ್ಯಾಟ್ ಎಳೆಯುತ್ತದೆ, ರಾತ್ರಿ ಹತ್ತು ಗಂಟೆ ಬಿಡದೆ. ಎಲ್‌ಇಡಿ ಬಲ್ಬು ಒಂಬತ್ತು ವ್ಯಾಟಿನವು, ಒಮ್ಮೆಗೆ ನಾಲ್ಕೈದು. ಇಂಟರ್ನೆಟ್ಟಿನ ಡಬ್ಬಿ ಹತ್ತು ವ್ಯಾಟ್. ಫ್ಯಾನು ಆಷಾಢದಲ್ಲಿ ಯಾರಿಗೆ ಬೇಕು, ಕಂಬಳಿ ಹೊದ್ದು ಮಲಗುವ ಕಾಲ. ಫ್ರಿಜ್ಜು ಓಡುವಾಗ 130 ವ್ಯಾಟ್, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಮಿಕ್ಸಿ 750, ಆದರೆ ಎರಡು ನಿಮಿಷದ ಚಟ್ನಿ.

ಫ್ರಿಜ್ಜು ನಿಲ್ಲಲೇಬಾರದು ಎಂದು ಮಗ ಹಟ ಹಿಡಿದಿದ್ದ. ಮೇಷ್ಟ್ರ ಇನ್ಸುಲಿನ್ ಅದರಲ್ಲಿದೆ. ಬಳಕೆಯಲ್ಲಿರುವ ಇನ್ಸುಲಿನ್ ಬಾಟಲಿಯನ್ನು ಸಾಮಾನ್ಯವಾಗಿ ನಾಲ್ಕು ವಾರ ಫ್ರಿಜ್ಜಿನ ಹೊರಗೇ ಇಡಬಹುದು, ಸೆಖೆ ಹೆಚ್ಚಿರಬಾರದು ಅಷ್ಟೆ. ಯಾವುದಕ್ಕೆ ಎಷ್ಟು ಡಿಗ್ರಿ, ಎಷ್ಟು ದಿನ ಎಂದು ಪೆಟ್ಟಿಗೆಯೊಳಗಿನ ಚೀಟಿಯಲ್ಲೇ ಬರೆದಿರುತ್ತದೆ. ಜುಲೈಯಲ್ಲಿ ಇವರ ನಡುಮನೆ ಇಪ್ಪತ್ತೆರಡು ಇಪ್ಪತ್ಮೂರು ಡಿಗ್ರಿ ದಾಟುವುದಿಲ್ಲ. ಸೀಲ್ ಒಡೆಯದ ಬಾಟಲಿಗಳಿಗೆ ಮಾತ್ರ 2ರಿಂದ 8 ಡಿಗ್ರಿಯ ತಂಪು ಬೇಕು. ಬಾಗಿಲು ತೆಗೆಯದೆ ಇಟ್ಟು, ದಿನಕ್ಕೆ ಕೆಲವು ಗಂಟೆ ಫ್ರಿಜ್ಜು ಓಡಿಸಿದರೆ ಆ ತಂಪನ್ನು ಕಾಯ್ದುಕೊಳ್ಳಬಹುದು; ಒಳಗೊಂದು ಸಣ್ಣ ಥರ್ಮಾಮೀಟರ್ ಇಟ್ಟರೆ ಸಾಕ್ಷಿಯೂ ಸಿಗುತ್ತದೆ. ಮೇಷ್ಟ್ರು ತಮ್ಮ ವೈದ್ಯರಿಗೂ ಒಮ್ಮೆ ಫೋನ್ ಮಾಡಿ ಕೇಳಿಕೊಂಡರು. ಇಪ್ಪತ್ನಾಲ್ಕು ಗಂಟೆಯ ಲೋಡ್ ಎಂದುಕೊಂಡಿದ್ದ ಫ್ರಿಜ್ಜು ನಾಲ್ಕೈದು ಗಂಟೆಗೆ ಇಳಿಯಿತು.

ಉಳಿದದ್ದು ಬಾವಿಯ ಪಂಪು. ಎರಡು ಎಚ್‌ಪಿ, ಬೇಸಿಗೆಯಲ್ಲಿ ತೋಟಕ್ಕೂ ಅದೇ. ಓಡುವಾಗ ಮೀಟರ್ ತೋರಿಸಿದ್ದು 11 ಆಂಪ್ಸ್. ಸ್ವಿಚ್ ಒತ್ತಿದ ಕ್ಷಣದ ಹರಿವು ಹಿಡಿಯುವ ಗುಂಡಿ ಒತ್ತಿ ಮತ್ತೆ ಶುರು ಮಾಡಿಸಿದೆ: 52 ಆಂಪ್ಸ್. 230 ವೋಲ್ಟಿನಿಂದ ಗುಣಿಸಿದರೆ ಹತ್ತಿರ ಹತ್ತಿರ 12 ಕೆವಿಎ, ಕಣ್ಣು ಮಿಟುಕಿಸುವಷ್ಟು ಹೊತ್ತು. ಆ ಒದೆತವನ್ನು ತಡೆಯುವ ಜನರೇಟರ್ ಬೇಕೆಂದರೆ ಎಚ್‌ಪಿಗೆ ಮೂರು ಕೆವಿಎ ಎಂದು ಹಿಡಿಯುವುದು ನಮ್ಮವರ ರೂಢಿ. ಎರಡು ಎಚ್‌ಪಿಗೆ ಆರು, ಮೇಲೆ ಮನೆಯ ಉಳಿದ ಲೋಡ್, ಸಿಗುವ ಸೈಜು ಏಳೂವರೆ. ಡೀಲರಿನ ಲೆಕ್ಕ ಸರಿಯಾಗಿಯೇ ಇತ್ತು.

ಆದರೆ ಆ ಪಂಪು ಮಳೆಗಾಲದಲ್ಲಿ ಓಡುವುದು ದಿನಕ್ಕೆ ಇಪ್ಪತ್ತು ನಿಮಿಷ, ಅಡುಗೆಮನೆಯ ಟ್ಯಾಂಕಿ ತುಂಬಲು. ಪಂಪನ್ನು ಪಟ್ಟಿಯಿಂದ ತೆಗೆದರೆ ಇಡೀ ಮನೆಯ ಲೋಡ್ ಒಂದು ಕಿಲೋವ್ಯಾಟ್ ದಾಟುವುದೇ ಅಪರೂಪ. ಅಂದರೆ ಎರಡೂವರೆ ಲಕ್ಷದಲ್ಲಿ ದೊಡ್ಡ ಪಾಲು ಆ ಇಪ್ಪತ್ತು ನಿಮಿಷಕ್ಕೆ.

"ಪಂಪು ಬಿಟ್ಟರೆ ನೀರಿಗೆ?" ಎಂದ ಮಗ ಫೋನಿನಲ್ಲಿ.

ಮೇಷ್ಟ್ರು ನಕ್ಕರು. "ಜುಲೈ ತಿಂಗಳಲ್ಲಿ ನಮ್ಮ ಬಾವೀಲಿ ನೀರು ಎಲ್ಲಿರುತ್ತೆ ಗೊತ್ತುಂಟಾ ನಿಂಗೆ? ಬಗ್ಗಿ ಚೊಂಬು ಅದ್ದಬಹುದು. ಗಡಗಡೆ ಹಾಗೇ ಇದೆ."

ಗಡಗಡೆಯ ಮೇಲೆ ಎಪ್ಪತ್ತು ದಾಟಿದವರನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಇದ್ದ ಸಾವಿರ ಲೀಟರಿನ ಟ್ಯಾಂಕಿಯ ಪಕ್ಕ ಇನ್ನೊಂದು ಸಾವಿರ ಲೀಟರಿನದು ಕೂರಿಸಿ ಎರಡನ್ನೂ ಜೋಡಿಸಿದೆವು. ಬಚ್ಚಲು, ಕೊಟ್ಟಿಗೆಗೆ ಅಬ್ಬಿ ನೀರೇ ಇರುವುದರಿಂದ ಅಡುಗೆಗೆ, ಕುಡಿಯಲು, ಪಾತ್ರೆಗೆ ಎರಡು ಸಾವಿರ ಲೀಟರ್ ಒಂದು ವಾರ ಬರುತ್ತದೆ. ಜೋರು ಗಾಳಿಯ ಸೂಚನೆ ಕಂಡ ದಿನ ಟ್ಯಾಂಕಿ ತುಂಬಿಸಿಡುವುದು ಮೇಷ್ಟ್ರ ಕೆಲಸ.

ಡೀಸೆಲ್ ಏಕೆ ಬಿಟ್ಟೆವು

ಡೀಸೆಲ್ ಎಂಜಿನ್ ಗಟ್ಟಿ, ಬಾಳಿಕೆ ಹೆಚ್ಚು, ಇಂಧನ ಇಟ್ಟುಕೊಳ್ಳಲೂ ಪೆಟ್ರೋಲಿನಷ್ಟು ಭಯವಿಲ್ಲ. ದಿನವಿಡೀ ಮೂರು ನಾಲ್ಕು ಕಿಲೋವ್ಯಾಟ್ ಎಳೆಯುವ ಮನೆಗೆ, ಹೋಮ್‌ಸ್ಟೇಗೆ, ಅಡಿಕೆ ಸುಲಿಯುವ ಯಂತ್ರ ಓಡಿಸುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಇಲ್ಲಿ ತೊಡಕು ಇದ್ದದ್ದು ರಾತ್ರಿ. 7.5 ಕೆವಿಎ ಎಂದರೆ 0.8 ಪವರ್ ಫ್ಯಾಕ್ಟರ್ ಲೆಕ್ಕದಲ್ಲಿ ಆರು ಕಿಲೋವ್ಯಾಟ್ ಕೊಡಬಲ್ಲ ಯಂತ್ರ. ಅದರಿಂದ ಹತ್ತು ಗಂಟೆ ಕಾಲ ಮೂರೂವರೆ ನೂರು ವ್ಯಾಟ್ ಮಾತ್ರ ಎಳೆಯುವುದೆಂದರೆ ಶೇ. 6ರಷ್ಟು ಲೋಡ್. ಲೋಡ್ ಇರಲಿ ಬಿಡಲಿ, ಎಂಜಿನ್ ತಿರುಗುವುದಕ್ಕೇ ಎಣ್ಣೆ ಬೇಕು. ರಾತ್ರಿಗೆ ಆರೇಳು ಲೀಟರ್ ಹೋಗುತ್ತದೆ. ಹಾಗೆ ಹಗುರ ಲೋಡಿನಲ್ಲಿ ಓಡುವ ಡೀಸೆಲ್ ಎಂಜಿನ್ ಸರಿಯಾಗಿ ಬಿಸಿಯೂ ಆಗುವುದಿಲ್ಲ. ಪೂರ್ತಿ ಉರಿಯದ ಎಣ್ಣೆ ಮಸಿಯ ಜೊತೆ ಸೇರಿ ಸೈಲೆನ್ಸರಿನಲ್ಲಿ ಕಪ್ಪಗೆ ಜಿನುಗತೊಡಗುತ್ತದೆ, ಇಂಜೆಕ್ಟರ್ ಕಟ್ಟುತ್ತದೆ. ಮೂರನೇ ಒಂದು ಪಾಲಿಗಿಂತ ಕಡಿಮೆ ಲೋಡಿನಲ್ಲಿ ಬಹಳ ಹೊತ್ತು ಓಡಿಸಬಾರದು ಎಂಬುದು ಡೀಸೆಲ್ ಮೆಕ್ಯಾನಿಕ್‌ಗಳೆಲ್ಲ ಹೇಳುವ ಮಾತು.

'ಸೈಲೆಂಟ್' ಎಂಬ ಪದಕ್ಕೂ ಮರುಳಾಗಬೇಕಿಲ್ಲ. ಡೀಸೆಲ್ ಜನರೇಟರಿನ ಡಬ್ಬದಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದು ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಿತಿ. 75 ಎಂದರೆ ಮೌನವಲ್ಲ. ಜಗಲಿಯ ಹೊರಗೆ ಇಡೀ ರಾತ್ರಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಮಲಗಿದ ಹಾಗೆ. ಅಮ್ಮ ಅದನ್ನು ಒಂದೇ ಮಾತಿನಲ್ಲಿ ಮುಗಿಸಿದರು: "ರಾತ್ರಿಯಿಡೀ ಆ ಗುಡುಗುಡು ಕೇಳ್ತಾ ಮಲಗೋದಾದ್ರೆ ನಂಗೆ ಆಕ್ಸಿಜನ್ನೇ ಬೇಡ ಮಾರಾಯ."

ಕೊನೆಯದಾಗಿ ಕಾಲುಸಂಕ. ಕೆಲವು ನೂರು ಕಿಲೋ ತೂಗುವ ಡಬ್ಬವನ್ನು ಅದರ ಮೇಲೆ ದಾಟಿಸುವುದು ಹೇಗೆ? ಹೇಗೋ ಹೊತ್ತು ದಾಟಿಸಿದರೂ, ನಡು ಮಳೆಗಾಲದಲ್ಲಿ ಕೆಟ್ಟರೆ ಮೆಕ್ಯಾನಿಕ್ಕೇ ಇಲ್ಲಿಗೆ ಬರಬೇಕು. ಇಪ್ಪತ್ತು ಕಿಲೋ ಚಿಲ್ಲರೆಯದಾದರೆ ಗೋಣಿಯಲ್ಲಿ ಸುತ್ತಿ ಪೇಟೆಗೆ ಒಯ್ಯಬಹುದು.

ರಾತ್ರಿಗೆ ಬ್ಯಾಟರಿ, ಹಗಲಿಗೆ ಜನರೇಟರ್

ರಾತ್ರಿ ಎಂಜಿನ್ ಓಡಬಾರದು ಎಂದು ತೀರ್ಮಾನವಾದ ಮೇಲೆ ದಾರಿ ತಾನೇ ತೆರೆಯಿತು. ರಾತ್ರಿಯನ್ನು ಬ್ಯಾಟರಿ ನೋಡಿಕೊಳ್ಳಲಿ; ಹಗಲು ಕೆಲವು ಗಂಟೆ ಸಣ್ಣ ಜನರೇಟರ್ ಓಡಿ ಬ್ಯಾಟರಿ ತುಂಬಿಸಲಿ, ಅದೇ ಹೊತ್ತಿನಲ್ಲಿ ಫ್ರಿಜ್ಜು, ಮಿಕ್ಸಿಯೂ ನಡೆಯಲಿ.

ರಾತ್ರಿಯ ಲೆಕ್ಕ: ಆಕ್ಸಿಜನ್ ಮಿಷನ್ 320 ವ್ಯಾಟ್, ಹತ್ತು ಗಂಟೆ, 3.2 ಯೂನಿಟ್ (ಒಂದು ಯೂನಿಟ್ ಎಂದರೆ ಸಾವಿರ ವ್ಯಾಟ್-ಅವರ್). ದೀಪ, ಇಂಟರ್ನೆಟ್ 0.3. ಇನ್ವರ್ಟರ್ ಸುಮ್ಮನೆ ಹೊತ್ತಿಕೊಂಡಿರುವುದಕ್ಕೇ ನಲವತ್ತು ವ್ಯಾಟಿನಂತೆ 0.4, ಇದನ್ನು ಎಲ್ಲರೂ ಮರೆಯುತ್ತಾರೆ. ಒಟ್ಟು 3.9. ತೆಗೆದುಕೊಂಡದ್ದು 51.2 ವೋಲ್ಟ್, 100 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅಂದರೆ 5.12 ಯೂನಿಟ್. ತಳ ಮುಟ್ಟಿಸದೆ ಶೇ. 90 ಬಳಸಿ, ಇನ್ವರ್ಟರಿನ ಸೋರಿಕೆ ಕಳೆದರೆ ಕೈಗೆ 4.1. ಬಿಗಿಯೇ, ಆದರೆ ಸಾಕು.

ಇದೇ ಕೆಲಸಕ್ಕೆ ನಾಲ್ಕು ಸೀಸದ ಟ್ಯೂಬುಲರ್ ಬ್ಯಾಟರಿ ಅರ್ಧ ಬೆಲೆಗೆ ಬರುತ್ತಿದ್ದವು. ನಾನು ಲಿಥಿಯಂ ಎಂದು ಹಟ ಹಿಡಿದದ್ದಕ್ಕೆ ಕಾರಣ ಬಾಳಿಕೆಯಲ್ಲ, ಡಿಸ್ಟಿಲ್ಡ್ ವಾಟರ್ ಹಾಕುವ ರಗಳೆಯೂ ಅಲ್ಲ. ಸೀಸದ ಬ್ಯಾಟರಿ ಮುಕ್ಕಾಲು ಭಾಗ ಬೇಗ ತುಂಬುತ್ತದೆ, ಕೊನೆಯ ಕಾಲು ಭಾಗಕ್ಕೆ ಸತಾಯಿಸುತ್ತದೆ. ಕರೆಂಟಿನಲ್ಲಿ ಚಾರ್ಜ್ ಮಾಡುವಾಗ ಅದು ನಮಗೆ ಗೊತ್ತೇ ಆಗುವುದಿಲ್ಲ. ಜನರೇಟರಿನಲ್ಲಿ ಮಾಡುವಾಗ ಆ ಕೊನೆಯ ಗಂಟೆಗಳಿಗೂ ಪೆಟ್ರೋಲ್ ಸುಡಬೇಕು. ದಿನದಿನವೂ ಪೂರ್ತಿ ತುಂಬಿಸದೆ ಬಿಟ್ಟರೆ ತಟ್ಟೆಗಳಿಗೆ ಸಲ್ಫೇಟ್ ಕಟ್ಟಿ ಬ್ಯಾಟರಿಯೇ ಹಾಳು. ಲಿಥಿಯಂ ಬಹುತೇಕ ಕೊನೆಯ ತನಕ ಒಂದೇ ವೇಗದಲ್ಲಿ ನುಂಗುತ್ತದೆ, ಅರ್ಧಕ್ಕೆ ಬಿಟ್ಟರೂ ಮುನಿಸಿಕೊಳ್ಳುವುದಿಲ್ಲ.

ಜನರೇಟರ್ ಎರಡು ಕೆವಿಎ ಆಸುಪಾಸಿನ, ಪೆಟ್ರೋಲಿನ, ಇನ್ವರ್ಟರ್ ಮಾದರಿಯದು; ಸತತವಾಗಿ 1.8 ಕಿಲೋವ್ಯಾಟ್ ಕೊಡುತ್ತದೆ. ಸಾಮಾನ್ಯ ಜನರೇಟರಿನಲ್ಲಿ 50 ಹರ್ಟ್ಸ್ ಬರಬೇಕಾದರೆ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಪ್ಪದೆ ತಿರುಗಬೇಕು. ಲೋಡ್ ಏರಿಳಿದಾಗ ಸುತ್ತು ತಪ್ಪಿ ಕರೆಂಟೂ ಓಲಾಡುತ್ತದೆ. ಇನ್ವರ್ಟರ್ ಮಾದರಿಯಲ್ಲಿ ಎಂಜಿನ್ ಹೇಗೇ ತಿರುಗಲಿ, ಒಳಗಿನ ಸರ್ಕ್ಯೂಟ್ ಅದನ್ನು ಡಿಸಿ ಮಾಡಿ ಮತ್ತೆ ಶುದ್ಧ 230 ವೋಲ್ಟ್, 50 ಹರ್ಟ್ಸ್ ಮಾಡಿ ಕೊಡುತ್ತದೆ. ಮನೆಯ ಇನ್ವರ್ಟರುಗಳು ಓಲಾಡುವ ಕರೆಂಟನ್ನು ಎಷ್ಟೋ ಸಲ ಒಪ್ಪುವುದೇ ಇಲ್ಲ. ಜನರೇಟರ್ ಗುಡುಗುತ್ತಿದ್ದರೂ ಬ್ಯಾಟರಿ ಚಾರ್ಜ್ ಆಗುತ್ತಿರುವುದಿಲ್ಲ. ಇದೇ ದೂರು ಹೊತ್ತು ಬಂದವರಿಗೆ ಇನ್ವರ್ಟರಿನ ಹಿಂದಿನ ಸ್ವಿಚ್ಚನ್ನು 'ಯುಪಿಎಸ್'ನಿಂದ, ಏರಿಳಿತವನ್ನು ಹೆಚ್ಚು ತಾಳಿಕೊಳ್ಳುವ ಇನ್ನೊಂದು ಕಡೆಗೆ ತಿರುಗಿಸಿ ಕೊಟ್ಟು ಕಳಿಸಿದ್ದಿದೆ. ಇಲ್ಲಿ ಅದರ ಅಗತ್ಯ ಬೀಳಲಿಲ್ಲ.

ಚಾರ್ಜಿಂಗ್ ಕರೆಂಟನ್ನು 20 ಆಂಪ್ಸಿಗೆ ಕಟ್ಟಿಹಾಕಿದೆ. ಬ್ಯಾಟರಿಗೆ ಹೋಗುವುದು 1.1 ಕಿಲೋವ್ಯಾಟ್ ಚಿಲ್ಲರೆ, ಜನರೇಟರಿನಿಂದ ಎಳೆಯುವುದು 1.2; ಫ್ರಿಜ್ಜು ಸೇರಿ 1.35. ಫ್ರಿಜ್ಜಿನ ಒದೆತ ತಡೆಯಲು ಜಾಗ ಉಳಿಯಿತು. ರಾತ್ರಿ ಖಾಲಿಯಾದದ್ದು ನಾಲ್ಕು, ನಾಲ್ಕೂವರೆ ಗಂಟೆಯಲ್ಲಿ ಮತ್ತೆ ತುಂಬುತ್ತದೆ.

ದುಡ್ಡಿನ ಮಾತು ಮುಚ್ಚಿಡುವುದಿಲ್ಲ. ಬ್ಯಾಟರಿ, ಹೊಸ ಇನ್ವರ್ಟರ್, ಜನರೇಟರ್, ಟ್ಯಾಂಕಿ, ವೈರಿಂಗ್ ಸೇರಿ ಡೀಸೆಲ್ ಕೊಟೇಶನ್ನಿಗಿಂತ ಸ್ವಲ್ಪ ಹೆಚ್ಚೇ ಆಯಿತು. ಆದರೆ ಮೇಷ್ಟ್ರ ಪುಸ್ತಕದ ಕೆಂಪು ಸಾಲುಗಳಲ್ಲಿ ಹೆಚ್ಚಿನವಕ್ಕೆ ಇನ್ನು ಜನರೇಟರ್ ಮುಟ್ಟುವ ಕೆಲಸವೇ ಇಲ್ಲ. ಸೋಲಾರ್ ಏಕಿಲ್ಲ ಎಂದು ಮಗ ಕೇಳಿದ. ಬೇಸಿಗೆಯಲ್ಲಿ ಕರೆಂಟ್ ಬಿಲ್ ಇಳಿಸಲು ಒಳ್ಳೆಯದು. ವಾರಗಟ್ಟಲೆ ಸೂರ್ಯನ ಮುಖ ಕಾಣದ ಜುಲೈಯಲ್ಲಿ, ಸುತ್ತ ಮರಗಳಿರುವ ಆ ಅಂಗಳದಲ್ಲಿ, ಅದನ್ನು ನಂಬಿ ಆಕ್ಸಿಜನ್ ಮಿಷನ್ ಹಚ್ಚಲಾರೆ ಎಂದೆ.

ಪೆಟ್ರೋಲು

ಬಂಕ್ ಇರುವುದು ಹದಿನೆಂಟು ಕಿಲೋಮೀಟರ್ ದೂರ. ಮರ ಬಿದ್ದು ಲೈನು ಹೋದ ದಿನ ರಸ್ತೆಯೂ ಬಂದ್ ಆಗಿರುವುದೇ ಹೆಚ್ಚು. ಹಾಗಾಗಿ ಮನೆಯಲ್ಲಿ ಇಡಲೇಬೇಕು. 1934ರ ಪೆಟ್ರೋಲಿಯಂ ಕಾಯ್ದೆ ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್ ತನಕ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ ಇಡಲು ಬಿಡುತ್ತದೆ. ಲೋಹದ ಡಬ್ಬವಾದರೆ 25 ಲೀಟರ್ ಮೀರಬಾರದು, ಬಿಗಿ ಮುಚ್ಚಳ ಇರಬೇಕು. ಪ್ಲಾಸ್ಟಿಕ್ ಕ್ಯಾನಿಗೆ ಆ ಕಲಮಿನಲ್ಲಿ ಜಾಗವಿಲ್ಲ. ಇಪ್ಪತ್ತು ಲೀಟರಿನ ಲೋಹದ ಜೆರಿಕ್ಯಾನ್ ತರಿಸಿ, ಮನೆಯಿಂದ ದೂರ, ಒಲೆಯ ಕಿಡಿ ಹಾರದ ಜಾಗದಲ್ಲಿ ಇಟ್ಟೆವು. ಆಮ್ಲಜನಕ ಬಳಸುವ ಮನೆಯಲ್ಲಿ ಬೆಂಕಿ ಇನ್ನಷ್ಟು ಚುರುಕಾಗುತ್ತದೆ ಎಂಬುದು ನೆನಪಿರಬೇಕು. ಮುಕ್ಕಾಲು ಲೋಡಿನಲ್ಲಿ ಈ ಜನರೇಟರ್ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರಿನೊಳಗೆ ಕುಡಿಯುತ್ತದೆ. ದಿನಕ್ಕೆ ನಾಲ್ಕು ಲೀಟರ್ ಎಂದಿಟ್ಟರೂ ಟ್ಯಾಂಕಿನಲ್ಲಿರುವುದೂ ಸೇರಿ 2019ರ ಐದು ದಿನವನ್ನು ದಾಟಿಸುತ್ತದೆ.

ಪೆಟ್ರೋಲ್ ಹಳಸುತ್ತದೆ. ಈಗ ಬರುವ ಪೆಟ್ರೋಲಿನಲ್ಲಿ ಶೇ. 20ರ ತನಕ ಎಥನಾಲ್ ಇರುತ್ತದೆ, ಎಥನಾಲ್ ತೇವ ಹೀರುತ್ತದೆ, ಮಲೆನಾಡಿನಲ್ಲಿ ತೇವಕ್ಕೆ ಬರವಿಲ್ಲ. ಹೋದ ವರ್ಷದ ಪೆಟ್ರೋಲ್ ಕಾರ್ಬೊರೇಟರಿನಲ್ಲಿ ಅಂಟಾಗಿ ಕೂತು, ಬೇಕಾದ ದಿನ ಹಗ್ಗ ಎಳೆದೆಳೆದು ಕೈ ಸೋತವರು ನಮ್ಮ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಔಷಧಿ ಹೊಡೆಯುವ ಮಿಷನ್ನಿನಿಂದ ಮೇಷ್ಟ್ರಿಗೆ ಇದು ಗೊತ್ತಿತ್ತು. ಕೆಲಸ ಮುಗಿದ ಮೇಲೆ ಪೆಟ್ರೋಲ್ ನಳ್ಳಿ ಮುಚ್ಚಿ, ಎಂಜಿನ್ ತಾನೇ ಆರುವ ತನಕ ಬಿಡುವುದು. ಜೆರಿಕ್ಯಾನಿನದನ್ನು ಎರಡು ತಿಂಗಳಿಗೊಮ್ಮೆ ಸ್ಕೂಟರಿಗೆ ಸುರಿದು ಹೊಸದು ತುಂಬುವುದು.

ಎಲ್ಲಿ ಇಡುವುದು

ಮಳೆಗೆ ನೆನೆಯಬಾರದು ಎಂದು ಮಗ ತೋರಿಸಿದ್ದು ಜಗಲಿಯ ಮೂಲೆ. ಇದೊಂದನ್ನು ಮಾತ್ರ ನಾನು ದನಿ ಏರಿಸಿ ಬೇಡ ಎಂದೆ. ಜನರೇಟರಿನ ಹೊಗೆಯಲ್ಲಿ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹೆಂಚಿನ ಮನೆಯಲ್ಲಿ ಸಂದಿಗಳಿಗೆ ಲೆಕ್ಕವಿಲ್ಲ, ಜಗಲಿಯ ಗಾಳಿ ನಡುಮನೆಗೇ ಬರುತ್ತದೆ. ಇನ್ನೂ ಒಂದು ಮಾತು, ಈ ಮನೆಗೆ ಬಹಳ ಮುಖ್ಯವಾದದ್ದು: ಬೆರಳಿಗೆ ಹಾಕುವ ಆಕ್ಸಿಮೀಟರ್ ಆಮ್ಲಜನಕ, ಕಾರ್ಬನ್ ಮೊನಾಕ್ಸೈಡ್ ಇವೆರಡರ ವ್ಯತ್ಯಾಸ ಗುರುತಿಸುವುದಿಲ್ಲ. ರಕ್ತದಲ್ಲಿ ವಿಷ ಏರುತ್ತಿದ್ದರೂ 97, 98 ಎಂದೇ ತೋರಿಸುತ್ತಿರಬಹುದು. ಅಮ್ಮ ದಿನಾ ನಂಬುವುದು ಅದೇ ಅಂಕಿಯನ್ನು.

ಮನೆಯಿಂದ ಕನಿಷ್ಠ ಆರು ಮೀಟರ್ ದೂರ ಇರಲಿ ಎನ್ನುತ್ತಾರೆ. ನಮ್ಮಲ್ಲಿ ಮಳೆಗಾಲದ ಗಾಳಿ ಪಡುವಣದಿಂದ ಬೀಸುತ್ತದೆ, ಹೊಗೆ ಮನೆಯತ್ತ ಬರಬಾರದೆಂದರೆ ಮೂಡುಗಡೆ ಇಡಬೇಕು. ಮೂಡಣದ ಅಂಗಳದಂಚಿನಲ್ಲಿ, ಮನೆಯಿಂದ ಎಂಟು ಮೀಟರ್ ಆಚೆ, ನಾಲ್ಕು ಕಲ್ಲುಕಂಬ ನೆಟ್ಟು ಮೇಲೆ ತಗಡು ಹೊದಿಸಿದೆವು. ಎರಚಲು ಬರುವ ಒಂದು ಕಡೆ ಮಾತ್ರ ಮರೆ, ಉಳಿದ ಮೂರು ಕಡೆ ಬಯಲು. ಮಲಗುವ ಕೋಣೆಯಲ್ಲಿ ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ.

ವೈರಿಂಗಿನಲ್ಲಿ ಹೇಳಬೇಕಾದದ್ದು ಒಂದೇ. ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿಕೊಂಡು ಜನರೇಟರಿನಿಂದ ಗೋಡೆಯ ಸಾಕೆಟ್ಟಿಗೆ ಚುಚ್ಚುವ ಚಾಳಿ ನಮ್ಮ ಊರುಗಳಲ್ಲಿ ಇನ್ನೂ ಇದೆ. ಮೇನ್ ಸ್ವಿಚ್ ಇಳಿಸಲು ಮರೆತರೆ ಆ 230 ವೋಲ್ಟ್ ಟಿಸಿಯೊಳಗೆ ಹಿಮ್ಮುಖ ಹೋಗಿ, ಲೈನಿನಲ್ಲಿ ಸಾವಿರಾರು ವೋಲ್ಟಾಗಿ ನಿಲ್ಲುತ್ತದೆ. ಕಂಬದ ಮೇಲೆ ಒಬ್ಬ ಮನುಷ್ಯ ಇರುತ್ತಾನೆ. ಇಲ್ಲಿ ಜನರೇಟರಿನ ವೈರ್ ಹೋಗುವುದು ಇನ್ವರ್ಟರಿನ ಒಳಬದಿಗೆ ಮಾತ್ರ. ನಡುವೆ ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವ ಚೇಂಜ್‌ಓವರ್: ಒಂದೋ ಲೈನು, ಒಂದೋ ಜನರೇಟರ್, ಎರಡೂ ಒಟ್ಟಿಗೆ ಸೇರಲು ದಾರಿಯೇ ಇಲ್ಲ.

ಇಷ್ಟೆಲ್ಲ ಆದಮೇಲೂ ಎಲೆಕ್ಟ್ರಾನಿಕ್ ಸಾಮಾನು, ಯಾವಾಗ ಕೈಕೊಡುತ್ತದೋ ಯಾರು ಬಲ್ಲರು. ಕೋಣೆಯ ಮೂಲೆಯಲ್ಲಿ ಒಂದು ಬಿ ಟೈಪ್ ಆಕ್ಸಿಜನ್ ಸಿಲಿಂಡರ್ ಸರಪಳಿ ಹಾಕಿ ನಿಲ್ಲಿಸಿದೆ. 1.5 ಘನ ಮೀಟರ್, ಅಂದರೆ 1,500 ಲೀಟರ್. ನಿಮಿಷಕ್ಕೆ ಎರಡರಂತೆ ಹನ್ನೆರಡು ಗಂಟೆ. ಕೀಲಿಯನ್ನು ಅದರ ಕುತ್ತಿಗೆಗೇ ದಾರದಲ್ಲಿ ಕಟ್ಟಿಟ್ಟಿದ್ದೇವೆ.

ಮೊದಲ ಪರೀಕ್ಷೆ

ಪುಷ್ಯ ಮಳೆಯಲ್ಲಿ ಲೈನು ಹೋಯಿತು. ಬಂದದ್ದು ನಾಲ್ಕನೇ ದಿನ. ಮೊದಲ ರಾತ್ರಿ ಕರೆಂಟ್ ಹೋದದ್ದೇ ಅಮ್ಮನಿಗೆ ತಿಳಿಯಲಿಲ್ಲ. ಎರಡನೇ ದಿನ ಬೆಳಿಗ್ಗೆ ಮೇಷ್ಟ್ರು ಜನರೇಟರ್ ಶುರು ಮಾಡಿದರು, ಬ್ಯಾಟರಿ ಚಾರ್ಜ್ ಹಿಡಿಯಿತು. ಒಳಗೆ ಅಮ್ಮ ಮಿಕ್ಸಿ ಹಾಕಿದ ಕೂಡಲೇ ಕೆಂಪು ದೀಪ ಬಂದು ಜನರೇಟರ್ ಕರೆಂಟ್ ಕಡಿಯಿತು. ಚಾರ್ಜಿಂಗ್, ಫ್ರಿಜ್ಜು, ಮಿಕ್ಸಿ ಮೂರೂ ಸೇರಿ ಎರಡು ಕಿಲೋವ್ಯಾಟ್ ದಾಟಿತ್ತು. ಜೊತೆಗೆ ಪೆಟ್ರೋಲ್ ಉಳಿಸುವ ಇಕೋ ಸ್ವಿಚ್ ಆನ್ ಇತ್ತು; ಅದು ಆನ್ ಇದ್ದಾಗ ಎಂಜಿನ್ ನಿಧಾನಕ್ಕೆ ತಿರುಗುತ್ತಿರುತ್ತದೆ, ದಿಢೀರ್ ಲೋಡ್ ಬಿದ್ದರೆ ಚೇತರಿಸಿಕೊಳ್ಳುವಷ್ಟರಲ್ಲಿ ಮುಗ್ಗರಿಸುತ್ತದೆ. ಮನೆಯ ಕರೆಂಟ್ ಮಾತ್ರ ನಿಲ್ಲಲಿಲ್ಲ, ಇನ್ವರ್ಟರ್ ಕೈಗೆತ್ತಿಕೊಂಡಿತು. ಮೇಷ್ಟ್ರು ಮಿಕ್ಸಿ ಸ್ವಿಚ್ಚಿನ ಪಕ್ಕ ಚೀಟಿ ಅಂಟಿಸಿದರು: 'ಹೊರಗೆ ಸದ್ದಿದ್ದರೆ ಇದು ಬೇಡ.' ಚಟ್ನಿ ಈಗ ಜನರೇಟರ್ ಆರಿಸಿದ ಮೇಲೆ, ಬ್ಯಾಟರಿಯಲ್ಲಿ.

ಕರೆಂಟ್ ಬಂದ ದಿನ ಜೆರಿಕ್ಯಾನಿನಲ್ಲಿ ಅರ್ಧದಷ್ಟು ಉಳಿದಿತ್ತು. ಹಗ್ಗ ಎಳೆಯುವ ಚಿಂತೆ ಮಾತ್ರ ತೀರಿಲ್ಲ. ಮೇಷ್ಟ್ರಿಗೆ ಆಗುತ್ತದೆ, ಅಮ್ಮನಿಗೆ ಆಗದು. ಮೇಷ್ಟ್ರು ಊರಲ್ಲಿಲ್ಲದ ದಿನಕ್ಕೆಂದು ಪಕ್ಕದ ಮನೆಯ ಹುಡುಗನಿಗೆ ಕಲಿಸಿಟ್ಟಿದ್ದೇವೆ.

ಬಾಕಿ ಉಳಿದದ್ದು

ಅಬ್ಬಿ ನೀರಿನ ಮೇಲೆ ನನ್ನ ಕಣ್ಣು ಮೊದಲಿನಿಂದಲೂ ಇದೆ. ಮಲೆನಾಡಿನಲ್ಲಿ ಹಳ್ಳದ ನೀರಿನಿಂದ ಮನೆಗಷ್ಟೇ ಕರೆಂಟ್ ಮಾಡಿಕೊಂಡವರು ಅಲ್ಲಲ್ಲಿ ಇದ್ದಾರೆ, ಹೆಚ್ಚಾಗಿ ಒಂದು ಕಿಲೋವ್ಯಾಟಿನ ಟರ್ಬೈನ್. ಕಾಲುಸಂಕದ ಕೆಳಗಿನ ಹಳ್ಳ ಅದಕ್ಕೆ ಒದಗುವುದಿಲ್ಲ. ಇವರ ಜಾಗದಲ್ಲಿ ಮೂರು ಮೀಟರ್ ಇಳಿಜಾರಷ್ಟೇ ಸಿಗುತ್ತದೆ, ಒಂದು ಕಿಲೋವ್ಯಾಟಿಗೆ ಸೆಕೆಂಡಿಗೆ ಎಪ್ಪತ್ತು ಲೀಟರ್ ತಿರುಗಿಸಬೇಕು. ಗುಡ್ಡದ ಅಬ್ಬಿಯ ಕತೆ ಬೇರೆ. ಮೂಲದಲ್ಲಿ ಇಪ್ಪತ್ತು ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡಿದೆವು: ಹದಿಮೂರು ಸೆಕೆಂಡಿಗೆ ತುಂಬಿತು. ಸೆಕೆಂಡಿಗೆ ಒಂದೂವರೆ ಲೀಟರ್, ಇಳಿಜಾರು ಇಪ್ಪತ್ತೈದು ಮೀಟರ್. ಅರ್ಧಕ್ಕರ್ಧ ಸೋರಿಹೋಗುತ್ತದೆಂದು ಹಿಡಿದರೂ 180 ವ್ಯಾಟ್. ಬರೀ 180 ಎಂದು ಮಗ ಮೂಗು ಮುರಿದ. ಹಗಲೂ ರಾತ್ರಿ ಬಿಡದೆ ಬರುವ 180 ವ್ಯಾಟ್ ದಿನಕ್ಕೆ ನಾಲ್ಕು ಯೂನಿಟ್ ದಾಟುತ್ತದೆ, ಬ್ಯಾಟರಿ ಹೇಗೂ ಕೂತಿದೆ ಎಂದ ಮೇಲೆ ಸುಮ್ಮನಾದ. ಮಳೆ ಜೋರಾದಷ್ಟೂ ಕರೆಂಟ್ ಹೋಗುತ್ತದೆ, ಅಬ್ಬಿಯೂ ಜೋರಾಗುತ್ತದೆ.

ಈಗಿರುವ ಒಂದೂವರೆ ಇಂಚಿನ ಪೈಪಿನಲ್ಲಿ ಅಷ್ಟು ನೀರು ಇಳಿಸಿದರೆ ಇಳಿಜಾರಿನ ಅರ್ಧಕ್ಕಿಂತ ಹೆಚ್ಚು ಒತ್ತಡ ತಿಕ್ಕಾಟದಲ್ಲೇ ಹೋಗುತ್ತದೆ. 63 ಮಿ.ಮೀ. ಪೈಪು ಮುನ್ನೂರು ಮೀಟರ್ ಬೇಕು, ಅದರಲ್ಲಿ ಒಂದಷ್ಟು ಪಕ್ಕದವರ ಬ್ಯಾಣದಲ್ಲಿ (ಹುಲ್ಲಿನ ಜಾಗದಲ್ಲಿ) ಹಾಯಬೇಕು. ಮೇಷ್ಟ್ರು ಅವರ ಹತ್ತಿರ ಮಾತಾಡಿದ್ದಾರೆ. ಅಡಿಕೆ ಕೊಯ್ಲು ಮುಗಿಯಲಿ, ನೋಡೋಣ ಎಂದಿದ್ದಾರಂತೆ.